ಕೊಡಗಿನ ಗೌರಮ್ಮನವರ ಕಥೆಗಳಲ್ಲಿ ಕ್ರೋಧ

ಕಬಕದಿಂದ ಪುತ್ತೂರು, ಸುಳ್ಯಗಳನ್ನು ದಾಟಿ ಘಟ್ಟವನ್ನೇರುವ ಹೆದ್ದಾರಿಯು ಮಡಿಕೇರಿಯನ್ನು ಸೇರುತ್ತದೆ. 1912ರಲ್ಲಿ ಅಲ್ಲಿ ಜನಿಸಿದ ಗೌರಮ್ಮನವರು, ಪತಿಯ ಹೆಸರಿನಿಂದ, 'ಮಿಸೆಸ್ ಬಿ. ಟಿ. ಜಿ. ಕೃಷ್ಣ' ಎಂಬ ಅಂಕಿತದಲ್ಲಿ ಸಣ್ಣಕಥೆಗಳನ್ನು ಬರೆದರು. ವಿಧವೆಯರೂ ವಂಚಿತರಾದ ತರುಣಿಯರೂ ಅವರ ಕಥಾನಾಯಿಕೆಯರು.

ಕ್ರೋಧವು ರೌದ್ರರಸಕ್ಕೆ ಸ್ಥಾಯಿಯೆಂದೂ, ಕೆಂಗಣ್ಣು, ಹುಬ್ಬುಗಂಟುಗಳು ಅದರ ಅನುಭಾವಗಳೆಂದೂ ಅಲಂಕಾರಶಾಸ್ತ್ರವು ಹೇಳುತ್ತದೆ. ಗೌರಮ್ಮನವರ ತರುಣಿಯರ ಕ್ರೋಧಕ್ಕೆ ಆ ಆರ್ಭಟವಿಲ್ಲ; ಅದು ಪ್ರಶ್ನೆಯ ರೂಪವನ್ನು ತಾಳುತ್ತದೆ. 'ಅಪರಾಧಿ ಯಾರು?' ಎಂಬ ಕಥೆಯ ಹೆಸರೇ, ಹೆಣ್ಣಿನ ತಲೆಯ ಮೇಲೆ ಹೊರಿಸಿದ ದೋಷವನ್ನು ಕೆಳಗಿಳಿಸಿ ಸಮಾಜದ ಮುಂದಿರಿಸುತ್ತದೆ.

1939ರಲ್ಲಿ, ತಮ್ಮ 27ನೆಯ ವಯಸ್ಸಿನಲ್ಲಿ, ಅವರು ನೀರಿನಲ್ಲಿ ಮುಳುಗಿ ತೀರಿಕೊಂಡರು. 'ಕಂಬನಿ' ಎಂಬ ಸಂಕಲನವು ಅನಂತರ ಪ್ರಕಟವಾಯಿತು. ಆ ಕಥೆಗಳು ಇಂದಿಗೂ ಓದಲ್ಪಡುತ್ತಿರುವುದಕ್ಕೆ, ಅವರ ಪ್ರಶ್ನೆಗೆ ಪೂರ್ಣವಾದ ಉತ್ತರವು ದೊರೆಯದಿರುವುದೂ ಒಂದು ಕಾರಣವು.