ಲಾವಣಿಯ ಗುಚ್ಛ: ಘಟಪ್ರಭೆಯ ಸೀಮೆಯಲ್ಲಿ ಬಿಡಿ ಕಥೆಗಳ ಪರಂಪರೆ

ಹಲವು ಬಿಡಿ ಕಥೆಗಳನ್ನು ಒಂದೇ ಚಿತ್ರದಲ್ಲಿ ಪೋಣಿಸಿ ತೋರಿಸುವ ಕಥಾಗುಚ್ಛ ಚಿತ್ರಗಳು ಅಮೆರಿಕದ ಹಳೆಯ ಪಶ್ಚಿಮ ಸೀಮೆಯ ವಸ್ತುವಿಗೆ ಸಹಜವಾಗಿ ಒಗ್ಗಿಬಂದಿವೆ; ಏಕೆಂದರೆ ಆ ಸೀಮೆಯ ದರೋಡೆಕೋರರು, ಚಿನ್ನ ಅರಸುವವರು, ವಲಸಿಗರು ಜನಮನದಲ್ಲಿ ನೆಲೆಯೂರಿದ್ದು ಹಾಡುಗಳ ಮತ್ತು ಅಗ್ಗದ ಕಥೆಪುಸ್ತಕಗಳ ಮೂಲಕ. 1962ರ ‘ಹೌ ದಿ ವೆಸ್ಟ್ ವಾಸ್ ವನ್’ ಐದು ಭಾಗಗಳಲ್ಲಿ ಒಂದು ಕುಟುಂಬದ ಬೆನ್ನುಹತ್ತಿ ನಾಗರಿಕತೆಯ ವಿಜಯವನ್ನು ಸಾರಿದರೆ, 2018ರಲ್ಲಿ ಕೋಯೆನ್ ಸಹೋದರರು ತೆಗೆದ, ಹೆಸರಿನಲ್ಲಿಯೇ ಲಾವಣಿಯನ್ನು ಹೊತ್ತ ‘ದಿ ಬ್ಯಾಲಡ್ ಆಫ್ ಬಸ್ಟರ್ ಸ್ಕ್ರಗ್ಸ್’ ಹಳೆಯ ಪುಸ್ತಕವೊಂದರ ಹಾಳೆ ಮಗುಚುತ್ತ ಆರು ಕಥೆಗಳನ್ನು ಹೇಳಿ, ಆರರಲ್ಲಿಯೂ ಸಾವಿನ ನೆರಳನ್ನು ಹಾಯಿಸುತ್ತದೆ. ಬಿಡಿಯಾಗಿ ನೋಡಿದರೆ ಸಾಹಸವೆನಿಸುವ ಸಂಗತಿಗಳು ಒಟ್ಟಿಗೆ ಬಂದಾಗ ಬೇರೊಂದು ಅರ್ಥವನ್ನು ಕೊಡುತ್ತವೆ ಎಂಬುದೇ ಈ ಪ್ರಕಾರದ ನಿಜವಾದ ಆಕರ್ಷಣೆ.

ಈ ಆಕರ್ಷಣೆ ಹುಕ್ಕೇರಿ ತಾಲ್ಲೂಕಿನ ದಡ್ಡಿಯಿಂದ ಗೋಕಾಕ, ಮೂಡಲಗಿಗಳವರೆಗೆ ಹಬ್ಬಿರುವ ಘಟಪ್ರಭೆಯ ಸೀಮೆಗೆ ಹೊಸದಲ್ಲ. ಇಲ್ಲಿನ ಜನರಿಗೆ ಇಡೀ ರಾತ್ರಿ ಒಂದೇ ಕಥೆಯನ್ನು ನೋಡುವ ರೂಢಿಯೂ ಇತ್ತು. ಇಂದಿನ ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣನು ಹತ್ತೊಂಬತ್ತನೆಯ ಶತಮಾನದಲ್ಲಿ ತಿದ್ದಿ ಬೆಳೆಸಿದ, ಮುಂದೆ ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಂದ ಮನೆಮಾತಾದ ‘ಶ್ರೀಕೃಷ್ಣ ಪಾರಿಜಾತ’ ಅಂಥದ್ದು. ಆದರೆ ಲಾವಣಿಯ ದಾರಿ ಬೇರೆ. ಡಪ್ಪು, ತುಂತುಣಿಗಳ ಜೊತೆಗೆ ಹಾಡುವ ಈ ಕಥನಗೀತೆಯನ್ನು ‘ಗೀ ಗೀ’ ಎಂದು ಸೊಲ್ಲೆತ್ತುವ ಮೇಳಗಳು ಹರದೇಶಿ, ನಾಗೇಶಿ ಎಂಬ ಎರಡು ಪಕ್ಷಗಳಾಗಿ, ಅಂದರೆ ಗಂಡಿನ ಹೆಚ್ಚುಗಾರಿಕೆಯನ್ನು ಹೇಳುವವರು ಮತ್ತು ಹೆಣ್ಣಿನ ಹೆಚ್ಚುಗಾರಿಕೆಯನ್ನು ಹೇಳುವವರು ಎಂದು ಬೇರ್ಪಟ್ಟು, ಸವಾಲು–ಜವಾಬಿನಲ್ಲಿ ಬೆಳಗು ಹರಿಸುತ್ತಿದ್ದವು. ಹೀಗಾಗಿ ಒಂದು ಪದಕ್ಕೆ ಇನ್ನೊಂದು ಪದ ಎದುರು ನಿಲ್ಲುವುದು, ಒಂದು ಕಥೆಯ ಬೆಳಕಿನಲ್ಲಿ ಇನ್ನೊಂದನ್ನು ಕೇಳುವುದು ಶ್ರೋತೃಗಳಿಗೆ ಅಭ್ಯಾಸವಾಗಿತ್ತು.

ಈ ಬಾಯಿಪದಗಳಲ್ಲಿ ಕೆಲವನ್ನು ಅಚ್ಚಿನಲ್ಲಿ ಒಂದೆಡೆ ತಂದವನು ಶಾಸನತಜ್ಞನೆಂದೇ ಹೆಸರಾದ ಮುಂಬಯಿ ಸಿವಿಲ್ ಸೇವೆಯ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್. 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾದ ಅವನ ಸಂಗ್ರಹದಲ್ಲಿ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು, ಸಂಗ್ಯಾ ಇವರನ್ನೂ ಆದಾಯ ತೆರಿಗೆಯನ್ನೂ ಕುರಿತ ಪದಗಳಿವೆ. ಗಲ್ಲಿಗೇರಿಸಿದ ಸರಕಾರದ ನೌಕರನೇ ಗಲ್ಲಿಗೇರಿದವರ ಹಾಡನ್ನು ಉಳಿಸಿಕೊಟ್ಟದ್ದು ಇತಿಹಾಸದ ಒಂದು ವಿಪರ್ಯಾಸವೇ ಸರಿ.

ರಾಯಣ್ಣನು ಕಿತ್ತೂರಿನ ಪತನದ ಬಳಿಕ ಕಂಪನಿಯ ಕಚೇರಿಗಳಿಗೆ ಬೆಂಕಿಯಿಟ್ಟು, 1830ರಲ್ಲಿ ಸೆರೆಸಿಕ್ಕಿ, 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ನಡೆದದ್ದು ಇದಕ್ಕಿಂತ ಭಿನ್ನ. ಬೇಟೆಯೇ ಬದುಕಾಗಿದ್ದ ಬೇಡರಿಗೆ ಹತಾರವೆಂದರೆ ಅನ್ನದ ಸಾಧನವೂ ಮಾನದ ಗುರುತೂ ಆಗಿದ್ದುದರಿಂದ, 1857ರ ನಿಶ್ಶಸ್ತ್ರೀಕರಣ ಕಾಯಿದೆಯಂತೆ ಅವನ್ನು ಒಪ್ಪಿಸಲು ನಿರಾಕರಿಸಿದ ಅವರ ಮೇಲೆ ಅದೇ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಏರಿಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ 19 ಮಂದಿ ಗಲ್ಲಿಗೇರಿದರು. ಅಮೆರಿಕದ ಪಶ್ಚಿಮ ಸೀಮೆಯ ಚಿತ್ರಗಳಲ್ಲಿ ಬಂದೂಕು ಒಂಟಿ ಗಂಡಿನ ಸ್ವಾತಂತ್ರ್ಯದ ಗುರುತು. ಹಲಗಲಿಯ ಲಾವಣಿಯಲ್ಲಿ ಅದು ಕಸಿದುಕೊಂಡ ವಸ್ತು. ಅಲ್ಲಿನ ಕಥೆ ಕಾನೂನನ್ನು ತರುವವನ ಕಡೆಯಿಂದ ಬಂದರೆ, ಇಲ್ಲಿಯದು ಕಾನೂನು ಯಾರ ಮೇಲೆ ಬಂದೆರಗಿತೋ ಅವರ ಕಡೆಯಿಂದ ಬಂದಿದೆ.

1860ರ ಆದಾಯ ತೆರಿಗೆಯ ಪದದಲ್ಲಿ ದಂಡಿನ ಬದಲು ಕರದ ಲೆಕ್ಕ ಬರುತ್ತದೆ. ಬೈಲಹೊಂಗಲದ ಸಂಗ್ಯಾನ ಕಥೆಯಾದರೋ ಮೇಲುನೋಟಕ್ಕೆ ಈ ಗುಂಪಿಗೆ ಸೇರದು: ವ್ಯಾಪಾರಿ ಈರಣ್ಣನ ಹೆಂಡತಿ ಗಂಗಿಯನ್ನು ಮೋಹಿಸಿದ ಸಂಗ್ಯಾನು ಗೆಳೆಯ ಬಾಳ್ಯಾನ ದ್ರೋಹದಿಂದ ಕೊಲೆಯಾಗುವ ಈ ಪ್ರಸಂಗ ಸಣ್ಣಾಟವಾಗಿ, ಅಂದರೆ ದೇವತೆಗಳ ಬದಲು ಊರಮಂದಿಯನ್ನೇ ಪಾತ್ರಗಳಾಗಿಸಿದ ಬಯಲಾಟವಾಗಿ, ಬಹುಕಾಲ ಆಡಲ್ಪಟ್ಟು, ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರಿಂದ ಆಧುನಿಕ ರಂಗಭೂಮಿಗೂ ಬಂದಿತು. ಊರೊಳಗಿನ ವೈರವನ್ನು ಊರೇ ಬಗೆಹರಿಸಿಕೊಳ್ಳುತ್ತಿದ್ದ ಕಾಲ ಕಳೆದು ಕೊಲೆ ಸರಕಾರದ ನ್ಯಾಯಾಲಯದ ವಿಷಯವಾದ ಯುಗದ ಕಥೆ ಇದೆಂದು ಗ್ರಹಿಸಿದರೆ, ಇದೂ ಉಳಿದ ಮೂರರ ಸಾಲಿಗೆ ಸೇರುತ್ತದೆ. ಸೈನ್ಯ, ಶಸ್ತ್ರಕಾಯಿದೆ, ತೆರಿಗೆ, ನ್ಯಾಯಾಲಯ ಎಂಬ ನಾಲ್ಕು ಬಾಗಿಲುಗಳಿಂದ ಆಂಗ್ಲರ ಆಳ್ವಿಕೆ ಹಳ್ಳಿಯನ್ನು ಹೊಕ್ಕ ಬಗೆ ಯಾವ ಒಂದು ಪದದಿಂದಲೂ ತಿಳಿಯದು, ನಾಲ್ಕನ್ನೂ ಕೂಡಿಸಿ ಕೇಳಿದರೆ ತಿಳಿಯುತ್ತದೆ.

ಕನ್ನಡ ಚಿತ್ರರಂಗಕ್ಕೆ ಕಥಾಗುಚ್ಛ ಅಪರಿಚಿತವಲ್ಲ. ಪುಟ್ಟಣ್ಣ ಕಣಗಾಲರು 1976ರಲ್ಲಿಯೇ ಮೂವರು ಲೇಖಕರ ಮೂರು ಕಥೆಗಳನ್ನು ‘ಕಥಾಸಂಗಮ’ದಲ್ಲಿ ಕೂಡಿಸಿದ್ದರು, ಅದೇ ಹೆಸರಿನಲ್ಲಿ 2019ರಲ್ಲಿ ಏಳು ಕಥೆಗಳು ಬಂದವು. ಲಾವಣಿಯ ವೀರನು ತೆರೆಗೆ ಬಂದಾಗ ಮಾತ್ರ, 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದಂತೆ, ಒಬ್ಬನೇ ನಾಯಕನಾಗಿ ಚಿತ್ರವಿಡೀ ಬೆಳೆದುನಿಂತನು. ರಾಯಣ್ಣನ ಪಕ್ಕದಲ್ಲಿ ಹಲಗಲಿಯ ಬೇಡರನ್ನೂ, ಕರ ತೆತ್ತ ರೈತನನ್ನೂ, ಸಂಗ್ಯಾನನ್ನೂ ನಿಲ್ಲಿಸುವ ಚಿತ್ರಕ್ಕೆ ಕಥೆ ಹೊಸದಾಗಿ ಹೆಣೆಯಬೇಕಾಗಿಲ್ಲ. ಉತ್ತರ ಕರ್ನಾಟಕದ ನಿರ್ದೇಶಕರು ಫ್ಲೀಟನ ಸಂಗ್ರಹವನ್ನು ಒಮ್ಮೆ ತೆರೆದು ನೋಡಬೇಕು.