ಕೆರಳುವ ಕರುಳು: ವರ್ತನಾ ಚಿಕಿತ್ಸೆಯ ದೀರ್ಘಕಾಲಿಕ ಫಲ

ತಪಾಸಣೆಯಲ್ಲಿ ಕರುಳಿನ ಹುಣ್ಣಾಗಲಿ ಊತವಾಗಲಿ ಕಾಣದಿದ್ದರೂ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಮರುಕಳಿಸುವ ಕಾಯಿಲೆಯನ್ನು ವೈದ್ಯರು ಐಬಿಎಸ್ ಎನ್ನುತ್ತಾರೆ. ಇದರಲ್ಲಿ ಮಿದುಳು ಹಾಗೂ ಕರುಳಿನ ನಡುವಣ ಸಂವಹನ ಏರುಪೇರಾಗಿರುತ್ತದೆ. ಆತಂಕ ಹೆಚ್ಚಿದಷ್ಟೂ ಕರುಳು ಕೆರಳುತ್ತದೆ. ಊಟದ ಕ್ರಮ, ಭಯದ ಆಲೋಚನೆ ಹಾಗೂ ರೂಢಿಗಳನ್ನು ತಿದ್ದುವುದೇ ವರ್ತನಾ ಚಿಕಿತ್ಸೆಯ ಉದ್ದೇಶ.

ಬ್ರಿಟನ್ನಿನಲ್ಲಿ ಔಷಧಿಗೆ ಬಗ್ಗದ 558 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಬಳಿಕ ಮಾಹಿತಿ ನೀಡಿದವರ ಪೈಕಿ, ದೂರವಾಣಿಯಲ್ಲಿ ಈ ಚಿಕಿತ್ಸೆ ಪಡೆದ ಶೇ 71 ಮಂದಿಯಲ್ಲಿ ಗಣನೀಯ ಸುಧಾರಣೆ ಉಳಿದಿತ್ತು. ಸಾಮಾನ್ಯ ಚಿಕಿತ್ಸೆಯಲ್ಲಿದ್ದವರಲ್ಲಿ ಶೇ 46.

ಬಾದಾಮಿ, ಹುನಗುಂದ, ಇಳಕಲ್ಲಿನಿಂದ ಬಾಗಲಕೋಟೆಗೆ ಮೇಲಿಂದ ಮೇಲೆ ಬರಲಾಗದವರಿಗೆ, ಮಗ್ಗ ಬಿಟ್ಟೇಳಲಾಗದ ನೇಕಾರರಿಗೆ ಈ ಫಲಿತಾಂಶ ಮಹತ್ವದ್ದು. ಮಲದಲ್ಲಿ ರಕ್ತ, ಅಕಾರಣ ತೂಕ ಇಳಿಕೆ ಕಂಡುಬಂದರೆ ಮಾತ್ರ ಮೊದಲು ವೈದ್ಯರ ತಪಾಸಣೆ ಅಗತ್ಯ.