ಕಂಬ ಯಾರದು, ದನಿ ಯಾರದು?

ಬೆಟ್ಟದ ನೆತ್ತಿಯ ಮೇಲೆ ಹಿಂದೆ ಪಾಳೇಗಾರನ ಕೋಟೆ ಇರ್ತಿತ್ತು, ಇಲ್ಲಾಂದ್ರೆ ದೇವರ ಗುಡಿ. ಆಮೇಲೆ ಪ್ರಸಾರದ ಕಂಬವೂ ಬಂತು. ಕಾರಣ ಸರಳ: ಟಿ.ವಿ., ಎಫ್.ಎಂ. ಅಲೆಗಳು ಹೆಚ್ಚುಕಮ್ಮಿ ನೆಟ್ಟಗೆ ಹೋಗ್ತವೆ. ಗುಡ್ಡ ಅಡ್ಡ ಬಂದರೆ ಅದರ ಹಿಂದಿನ ಹಟ್ಟಿಗೆ ದಕ್ಕೋದಿಲ್ಲ. ಮೀಡಿಯಂ ವೇವ್ ನೆಲ ಹಿಡಿದು ಸಾಗುತ್ತೆ, ಅದಕ್ಕೆ ಬಯಲೇ ಸಾಕು.

ನಾವು ಮಾರತ್ತಹಳ್ಳಿ ಕಡೆಯ ಬಯಲಿನವರು, ವಿಮಾನದ ಸದ್ದಿನಡಿ ಬೆಳೆದವರು. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಯಂತ್ರವಿಟ್ಟು ಶುರುಮಾಡಿದ ಆಕಾಶವಾಣಿ, 1955ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಬಂತು. ಆ ಸಾಹಸಕ್ಕೆ ನಮ್ಮ ಶರಣು. ಆದರೆ ಅಲೆ ಜಾತಿ ಕೇಳದೆ ಬಂದರೂ ರೇಡಿಯೋ ಪೆಟ್ಟಿಗೆ ಇದ್ದದ್ದು ಉಳ್ಳವರ ಪಡಸಾಲೆಯಲ್ಲಿ. ನಮ್ಮ ಹಿರಿಯರು ಜಗಲಿಯ ಕೆಳಗೆ ನಿಂತು ಸುದ್ದಿ ಕೇಳಿದರು. ನಿಂತೇ ಕೇಳಿದರು.

ಟಿ.ವಿ.ಯ ಕತೆ ಇನ್ನೂ ವಿಚಿತ್ರ. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ರಾಜಧಾನಿಗಲ್ಲ. ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಚಿತ್ರ ಇಳಿಸಿತು. ಸುಮಾರು 36,000 ಕಿಲೋಮೀಟರ್ ಮೇಲಿದ್ದ ಅದಕ್ಕೆ ಯಾವ ಬೆಟ್ಟದ ಹಂಗೂ ಇರಲಿಲ್ಲ. ಊರಲ್ಲಿ ಬೇಕಾದದ್ದು ಮೂರು ಮೀಟರಿನ ಒಂದು ತಂತಿಬಲೆಯ ತಟ್ಟೆ, ಒಂದು ಪೆಟ್ಟಿಗೆ. ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಮಕ್ಕಳ ಪಾಠ ಎಲ್ಲಾ ಇತ್ತು. ಕನ್ನಡದ ಕಾರ್ಯಕ್ರಮ ತಯಾರಾಗ್ತಿದ್ದದ್ದು ಮಾತ್ರ ಹೈದರಾಬಾದಿನಲ್ಲಿ! ಅದೂ ತುರ್ತುಪರಿಸ್ಥಿತಿಯ ವರ್ಷ. ಮೇಲಿನವರು ಮಾತಾಡಬೇಕು, ಕೆಳಗಿನವರು ನೋಡಬೇಕು. ಪೆಟ್ಟಿಗೆ ಶಾಲೆಯಲ್ಲೋ ಪಂಚಾಯ್ತಿ ಕಟ್ಟಡದಲ್ಲೋ ಇತ್ತು ನಿಜ. ಆದರೆ ಅದರ ಮುಂದೆ ಕೇರಿಯವರು ಎಲ್ಲಿ ಕೂರಬೇಕೆಂದು ಉಪಗ್ರಹ ಹೇಳಲಿಲ್ಲ, ಅದನ್ನು ಹೇಳೋ ಅಧಿಕಾರ ಊರಿನ ಕೈಯಲ್ಲೇ ಉಳೀತು. 1976ರ ಜುಲೈ 31ಕ್ಕೆ ಪ್ರಯೋಗ ಮುಗೀತು. ಗುಲಬರ್ಗಾಕ್ಕೆ 1977ರಲ್ಲಿ ನೆಲದ ಕಂಬ ಬಂತು, ಬೆಂಗಳೂರಿಗೆ 1981ರಲ್ಲಿ. ಆಗಲೂ ಕಂಬದ ತುದಿಯಿಂದ ಮಾತಾಡೋರು ಯಾರು ಅಂತ ನಾವು ಕೇಳಬೇಕಾಗಿತ್ತು. ಕೇಳಿದ್ದು ಕಡಿಮೆ.

1995ರಲ್ಲಿ ಸುಪ್ರೀಂ ಕೋರ್ಟು ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ ಅಂದಿತು. ಆಸ್ತಿ ನಮ್ಮದು, ಪರವಾನಗಿ ಇಲ್ಲ! ಕೆ.ಆರ್. ಪುರ ದಾಟಿ ಕೋಲಾರದ ಕಡೆ ಹೋದರೆ ಬೂದಿಕೋಟೆ ಸಿಗುತ್ತೆ. ಅಲ್ಲಿಯ ‘ನಮ್ಮ ಧ್ವನಿ’ಯವರು ಕಂಬ ನೆಡೋಕೆ ಅಪ್ಪಣೆ ಇಲ್ಲದ ಆ ದಿನಗಳಲ್ಲಿ ಟಿ.ವಿ. ಕೇಬಲ್ಲಿನ ತಂತಿಯಲ್ಲೇ ತಮ್ಮ ಮಾತನ್ನು ಮನೆಮನೆಗೆ ಹರಿಸಿದರು. ತಂತಿಗೆ ಬೆಟ್ಟ ಯಾತಕ್ಕೆ ಬೇಕು?

ಜನರ ಸಂಸ್ಥೆಗಳಿಗೂ ರೇಡಿಯೋ ಕೊಡುವ ನೀತಿ ಬಂದದ್ದು 2006ರಲ್ಲಿ. ಅದರಲ್ಲೂ ಅಳತೆ ಇಟ್ಟರು: ಪ್ರಸಾರದ ಬಲ 100 ವ್ಯಾಟ್, ಕಂಬ ನೆಲದಿಂದ 30 ಮೀಟರ್. ಬೀದರ್ ಗಡಿಯಾಚೆ, ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ‘ಸಂಘಂ ರೇಡಿಯೋ’ ಶುರುವಾಯಿತು. ಮೈಕಿನ ಮುಂದೆ ಕೂತವರು ದಲಿತ ಹೆಣ್ಣುಮಕ್ಕಳು. ಬೀಜ, ಹೊಲ, ಹಬ್ಬ, ಹಾಡು ಎಲ್ಲವನ್ನೂ ತಮ್ಮ ಸೀಮೆಯ ಆಡುಮಾತಿನಲ್ಲೇ ಹೇಳಿದರು. ಈ ಸಲ ಅವರು ಕೂತಿದ್ದರು.